ಬೆಂಗಳೂರಿನ ಏಳನೇ ಐರನ್ ಕಿಲಾರ್ನಿಯಲ್ಲಿ ಯಾಕೆ ನೀರಿಗೆ ಬೀಳುತ್ತದೆ

ಗಾಲ್ಫ್ ಆಡುವಾಗ ಬೆಂಗಳೂರಿನಲ್ಲಿ ಏಳನೇ ಐರನ್‌ನಿಂದ, ಅಂದರೆ ಮಧ್ಯಮ ದೂರಕ್ಕೆ ಬಳಸುವ ಕ್ಲಬ್‌ನಿಂದ (ಚೆಂಡು ಹೊಡೆಯುವ ಕೋಲು), 150 ಗಜ ಹೊಡೆಯುವವರು ಐರ್ಲೆಂಡ್‌ನ ಕಿಲಾರ್ನಿಯಲ್ಲಿ ಅದೇ ಕ್ಲಬ್ ಎತ್ತಿಕೊಂಡರೆ ಚೆಂಡು ಎಂಟ್ಹತ್ತು ಗಜ ಈಚೆಗೇ ಬಿದ್ದುಬಿಡುತ್ತದೆ. ಬೇರೆ ಕಡೆ ಆದರೆ ಪರವಾಗಿಲ್ಲ, ಒಂದು ಚಿಪ್ (ಸಣ್ಣ ಹೊಡೆತ) ಹೊಡೆದು ಸುಧಾರಿಸಿಕೊಳ್ಳಬಹುದು. ಸರೋವರದಂಚಿನ ಹೋಲ್‌ಗಳಲ್ಲಿ (ಮೊದಲ ಹೊಡೆತದ ಜಾಗವಾದ ಟೀಯಿಂದ ಕುಳಿಯವರೆಗಿನ ಒಂದೊಂದು ಪಟ್ಟಿ) ಆ ಎಂಟ್ಹತ್ತು ಗಜದ ಜಾಗದಲ್ಲಿ ಇರುವುದೇ ನೀರು. ರಜೆಗೆ ಹೋದವರು ಮೊದಲ ಮೂರು ಹೋಲ್‌ನಲ್ಲೇ ನಾಲ್ಕು ಚೆಂಡು ಕಳೆದುಕೊಂಡು ಸ್ವಿಂಗ್ ಹದಗೆಟ್ಟಿತು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬಹುತೇಕ ಸಲ ಕೆಟ್ಟಿರುವುದು ಸ್ವಿಂಗ್ ಅಲ್ಲ, ಲೆಕ್ಕ.

ಆ ಲೆಕ್ಕ ಹೀಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್, ಅಂದರೆ ಹತ್ತಿರಹತ್ತಿರ 3000 ಅಡಿ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಚೆಂಡಿಗೆ ಎಳೆತ ಕಡಿಮೆ. ಸಾವಿರ ಅಡಿಗೆ ದೂರ ಶೇಕಡಾ 1ಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ ಅಂತ ಹಿಡಿದರೆ, ನಮ್ಮ ಊರಿನ 150 ಗಜದಲ್ಲಿ ಐದು ಗಜ ಎತ್ತರದ ಉಡುಗೊರೆ. ಕಿಲಾರ್ನಿ ಸಮುದ್ರಮಟ್ಟಕ್ಕೆ ಹತ್ತಿರದ ಊರು, ಅಲ್ಲಿ ಆ ಉಡುಗೊರೆ ಇಲ್ಲ. ಇನ್ನು ಚಳಿ. 28 ಡಿಗ್ರಿಯಲ್ಲಿ ಆಡಿದವರು 13 ಡಿಗ್ರಿಯಲ್ಲಿ ಆಡಿದರೆ ಮತ್ತೆ ಮೂರು-ನಾಲ್ಕು ಗಜ ಕೈಬಿಡುತ್ತದೆ. ಗಾಳಿ ದಟ್ಟ, ಚೆಂಡು ಗಟ್ಟಿ, ಮೇಲೆ ಎರಡು ಪದರ ಬಟ್ಟೆ ಹಾಕಿದ ಹೆಗಲು ಪೂರ್ತಿ ತಿರುಗುವುದೂ ಇಲ್ಲ. ಇಷ್ಟಕ್ಕೇ ಒಂದು ಕ್ಲಬ್‌ನಷ್ಟು ದೂರ ಹೋಯಿತು. ಎದುರುಗಾಳಿ ಇದ್ದರೆ ಗಂಟೆಗೆ ಒಂದು ಮೈಲಿ ವೇಗಕ್ಕೆ ಶೇಕಡಾ 1ರಂತೆ ಸೇರಿಸಿ. ಹಿಂಗಾಳಿಗೆ ಅದರ ಅರ್ಧ ಮಾತ್ರ ಕಳೆಯಿರಿ. ಗಾಳಿ ಕಸಿದುಕೊಳ್ಳುವಷ್ಟನ್ನು ಎಂದೂ ಕೊಡುವುದಿಲ್ಲ.

ಇದರ ಮೇಲೆ ಇನ್ನೊಂದು ಗುಂಡಿ ಇದೆ. ಐರ್ಲೆಂಡ್‌ನ ಕೆಲವು ಗಾಲ್ಫ್ ಕ್ಲಬ್‌ಗಳಲ್ಲಿ ಸ್ಕೋರ್ ಕಾರ್ಡ್, ಫೇರ್‌ವೇ (ಹುಲ್ಲು ಕತ್ತರಿಸಿದ ಆಟದ ದಾರಿ) ಗುರುತು ಎಲ್ಲ ಮೀಟರ್‌ನಲ್ಲಿರುತ್ತವೆ. 150 ಅಂತ ಬರೆದದ್ದು 164 ಗಜ. ಕೈಯಲ್ಲಿರುವ, ದೂರ ಅಳೆಯುವ ರೇಂಜ್‌ಫೈಂಡರ್ ಗಜದಲ್ಲಿ, ನೆಲದ ಮೇಲಿನ ಗುರುತು ಮೀಟರ್‌ನಲ್ಲಿ ಇದ್ದರೆ ಎರಡನ್ನೂ ಬೆರೆಸಿಕೊಂಡು ಹೊಡೆಯುವವರೇ ಜಾಸ್ತಿ. ಮೊದಲ ಟೀಗೆ ಹೋಗುವ ಮುಂಚೆ ಕೌಂಟರ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಜಾಗದ ಬಗ್ಗೆ ಎರಡು ಮಾತು. ಕಿಲಾರ್ನಿ ಇರುವುದು ನೈರುತ್ಯ ಐರ್ಲೆಂಡ್‌ನ ಕೆರಿ ಕೌಂಟಿಯಲ್ಲಿ. ಅಲ್ಲಿಯ ಗಾಲ್ಫ್ ಕ್ಲಬ್ 1893ರಷ್ಟು ಹಳೆಯದು. ಈಗ ಆಡುವ ಸರೋವರದಂಚಿನ ಜಾಗಕ್ಕೆ ಬಂದದ್ದು 1939ರಲ್ಲಿ. ಆ ಸೀಮೆಯ ಜಮೀನುದಾರ ಮನೆತನದ ಲಾರ್ಡ್ ಕಾಸಲ್‌ರೋಸ್, ಕೋರ್ಸ್ ರೂಪಿಸುವುದರಲ್ಲಿ ಹೆಸರಾದ ಸರ್ ಗೈ ಕ್ಯಾಂಪ್‌ಬೆಲ್ ಇಬ್ಬರೂ ಸೇರಿ ಲಾಖ್ ಲೇನ್ ಸರೋವರದ ಉತ್ತರ ದಡದಲ್ಲಿ ಹೋಲ್‌ಗಳನ್ನು ಹಾಸಿದರು. 1970ರ ದಶಕದ ಆರಂಭದಲ್ಲಿ ಇನ್ನೊಂದು ಹದಿನೆಂಟು ಹೋಲ್ ಸೇರಿತು. ಇವತ್ತು ಮಾಹೊನೀಸ್ ಪಾಯಿಂಟ್, ಕಿಲೀನ್ ಅಂತ ಎರಡು ದೊಡ್ಡ ಕೋರ್ಸ್. ಐರಿಶ್ ಓಪನ್ ಪಂದ್ಯಾವಳಿ ನಡೆದದ್ದು ಕಿಲೀನ್‌ನಲ್ಲಿ. 1991, 1992 ಎರಡೂ ವರ್ಷ ನಿಕ್ ಫಾಲ್ಡೋ ಗೆದ್ದರು, 2010ರಲ್ಲಿ ರಾಸ್ ಫಿಷರ್, 2011ರಲ್ಲಿ ಸೈಮನ್ ಡೈಸನ್. ಫಿಷರ್ ಆ ವರ್ಷ ಎರಡನೇ ಸುತ್ತಿನ ಹದಿನೆಂಟು ಹೋಲ್‌ಗಳನ್ನು ಬರೀ 61 ಹೊಡೆತದಲ್ಲಿ ಮುಗಿಸಿದ್ದರು. ಆ ಅಂಕಿ ನೋಡಿ ಕೋರ್ಸ್ ಸುಲಭ ಅಂದುಕೊಳ್ಳಬೇಡಿ. ಇಷ್ಟೆಲ್ಲ ಇತಿಹಾಸ ಇದ್ದೂ ಸದಸ್ಯರಲ್ಲದವರು ಸಮಯ ಕಾಯ್ದಿರಿಸಿ, ಗ್ರೀನ್ ಫೀ (ಆಟದ ಶುಲ್ಕ) ಕಟ್ಟಿ ಆಡಬಹುದು. ನಮ್ಮ ಕಡೆ ಹೆಸರಾಂತ ಕ್ಲಬ್‌ಗಳೊಳಗೆ ಕಾಲಿಡಲು ಒಬ್ಬ ಸದಸ್ಯರ ಪರಿಚಯ ಬೇಕೇಬೇಕು ಅನ್ನುವ ಅಭ್ಯಾಸವಿದ್ದವರಿಗೆ ಇದು ಹಿತವಾದ ಆಶ್ಚರ್ಯ.

ಕೆರಿಗೆ ಬರುವ ಹೆಚ್ಚಿನ ಗಾಲ್ಫಿಗರು ಬ್ಯಾಲಿಬನಿಯನ್, ವಾಟರ್‌ವಿಲ್, ಟ್ರಲೀಯಂಥ ಕಡಲತಡಿಯ ಲಿಂಕ್ಸ್‌ಗಳ ಆಸೆಯಿಂದ ಬರುತ್ತಾರೆ. ಕಿಲಾರ್ನಿ ಉಳಿದುಕೊಳ್ಳಲು ಅನುಕೂಲ, ಹಾಗಾಗಿ ಒಂದು ದಿನ ಇಲ್ಲೂ ಆಡಿದರಾಯಿತು ಅಂತ ಲೆಕ್ಕ. ತಪ್ಪಾಗುವುದು ಇಲ್ಲೇ. ಲಿಂಕ್ಸ್ ಅಂದರೆ ಮರಳು ನೆಲ. ನೀರು ಇಂಗಿ ನೆಲ ಗಟ್ಟಿಯಾಗಿರುತ್ತದೆ, ಚೆಂಡನ್ನು ನೆಲದ ಮೇಲೇ ಓಡಿಸಿ ಗ್ರೀನ್ (ಕುಳಿಯ ಸುತ್ತಲ ನುಣ್ಣನೆಯ ಹುಲ್ಲು) ಹತ್ತಿಸಬಹುದು. ಕಿಲಾರ್ನಿ ಪಾರ್ಕ್‌ಲ್ಯಾಂಡ್, ಅಂದರೆ ಮಣ್ಣು, ಮರ, ದಟ್ಟ ಹುಲ್ಲು. ಕೆರಿಯ ಮಳೆಯೂ ಸೇರಿದರೆ ಚೆಂಡು ಬಿದ್ದಲ್ಲೇ ಕೂರುತ್ತದೆ. ನಿನ್ನೆ ಬ್ಯಾಲಿಬನಿಯನ್‌ನಲ್ಲಿ ಕಲಿತ ಓಡಿಸುವ ಹೊಡೆತ ಇಲ್ಲಿ ಗ್ರೀನ್‌ನ ಮುಂಗಡೆ ಹುಲ್ಲಲ್ಲೇ ಸುಸ್ತಾಗುತ್ತದೆ. ಇಲ್ಲಿ ನೋಡಬೇಕಾದದ್ದು ಚೆಂಡು ಗಾಳಿಯಲ್ಲಿ ಕ್ರಮಿಸುವ ದೂರ ಮಾತ್ರ, ಅಂದರೆ ಕ್ಯಾರಿ. ಬೇಸಿಗೆಯ ಬೆಂಗಳೂರಿನಲ್ಲಿ ಡ್ರೈವ್ (ಟೀಯಿಂದ ಹೊಡೆಯುವ ಉದ್ದದ ಹೊಡೆತ) 20-30 ಗಜ ಉರುಳಿ ಸೇರಿಸಿಕೊಂಡದ್ದನ್ನು 'ನನ್ನ ದೂರ' ಅಂತ ಬರೆದಿಟ್ಟುಕೊಂಡವರು ಅದನ್ನು ಅಳಿಸಿಬಿಡಬೇಕು.

ಒದ್ದೆ ನೆಲದ ಆಟ ಕೊಡಗು, ಚಿಕ್ಕಮಗಳೂರಿನ ಕೋರ್ಸ್‌ಗಳಲ್ಲಿ ಮಳೆಗಾಲದಲ್ಲಿ ಆಡಿದವರಿಗೆ ಅರ್ಧ ಗೊತ್ತೇ ಇರುತ್ತದೆ. ಉಳಿದವರಿಗೆ: ಮೊದಲು ವೆಡ್ಜ್‌ನ (ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್) ತಳ ನೋಡಿ. ಗಟ್ಟಿ ನೆಲಕ್ಕೆಂದು ಕೊಂಡ 6-8 ಡಿಗ್ರಿ ಬೌನ್ಸ್‌ನ (ತಳದ ಓರೆ) ವೆಡ್ಜ್ ಇಲ್ಲಿ ಗುದ್ದಲಿಯಂತೆ ನೆಲಕ್ಕೆ ಇಳಿಯುತ್ತದೆ; ಚೆಂಡಿಗಿಂತ ಒಂದು ಅಂಗುಲ ಹಿಂದೆ ತಗುಲಿದರೂ ಮುಗಿಯಿತು, ಹುಲ್ಲಿನ ಚಪ್ಪಡಿ ಚೆಂಡಿಗಿಂತ ದೂರ ಹೋಗುತ್ತದೆ. 12 ಡಿಗ್ರಿಯೋ ಅದಕ್ಕಿಂತ ಹೆಚ್ಚೋ ಬೌನ್ಸ್ ಇರುವ ಒಂದು ವೆಡ್ಜ್ ಜೊತೆಗಿರಲಿ. ಅದು ಇಲ್ಲದಿದ್ದರೆ ಗ್ರೀನ್ ಪಕ್ಕದಿಂದ ಒಂಬತ್ತನೇ ಐರನ್‌ನಲ್ಲಿ, ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವುದು) ಮಾಡುವ ಹಿಡಿತದಲ್ಲಿ ಮೆಲ್ಲಗೆ ತಳ್ಳುವುದೇ ವಾಸಿ. ಫೇರ್‌ವೇಯಿಂದ ಹೊಡೆಯುವಾಗ ಚೆಂಡನ್ನು ಅರ್ಧ ಚೆಂಡಿನಷ್ಟು ಹಿಂಗಾಲಿನ ಕಡೆಗೆ ಇಟ್ಟುಕೊಂಡರೆ ಮೊದಲು ಚೆಂಡು, ಆಮೇಲೆ ಹುಲ್ಲು ಅನ್ನುವ ಕ್ರಮ ತಪ್ಪುವುದಿಲ್ಲ.

ಒದ್ದೆ ರಫ್, ಅಂದರೆ ಫೇರ್‌ವೇ ಪಕ್ಕದ ಉದ್ದ ಹುಲ್ಲು, ಇನ್ನೂ ಮೋಸ. ಹುಲ್ಲು, ಕ್ಲಬ್‌ನ ಕೋಲು ತಲೆಗೆ ಸೇರುವ ಹೀಲ್ ಭಾಗವನ್ನು ಸುತ್ತಿ ಹಿಡಿದು ಕ್ಲಬ್‌ಮುಖವನ್ನು ಮುಚ್ಚಿಬಿಡುತ್ತದೆ, ಬಲಗೈ ಆಟಗಾರರ ಚೆಂಡು ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಹೈಬ್ರಿಡ್‌ನ (ದೂರಕ್ಕೆ ಹೊಡೆಯುವ ಕ್ಲಬ್) ಆಸೆ ಬಿಟ್ಟು ಎಂಟನೇ, ಒಂಬತ್ತನೇ ಐರನ್‌ನಲ್ಲಿ ಫೇರ್‌ವೇಗೆ ವಾಪಸು ಬನ್ನಿ. ಹುಲ್ಲು ತೆಳುವಾಗಿದ್ದು ಬರೀ ಹನಿ ಕೂತಿದ್ದರೆ ಕಥೆ ಉಲ್ಟಾ: ಮುಖಕ್ಕೂ ಚೆಂಡಿಗೂ ನಡುವೆ ನೀರು ಸೇರಿ ಸ್ಪಿನ್ ಕಡಿಮೆಯಾಗುತ್ತದೆ, ಚೆಂಡು ಗ್ರೀನ್‌ಗೆ ಬಿದ್ದರೂ ನಿಲ್ಲುವುದಿಲ್ಲ. ಚೆಂಡಿಗೆ ಕೆಸರು ಮೆತ್ತಿದ್ದರೆ ಯಾವ ಬದಿಗೆ ಅಂತ ನೋಡಿ. ಬಲಕ್ಕೆ ಮೆತ್ತಿದ್ದರೆ ಎಡಕ್ಕೆ ಬಾಗುತ್ತದೆ, ಎಡಕ್ಕಿದ್ದರೆ ಬಲಕ್ಕೆ. ನೀರು ಬಲಕ್ಕಿರುವ ಹೋಲ್‌ನಲ್ಲಿ ಚೆಂಡಿನ ಎಡಗಡೆ ಕೆಸರಿದ್ದರೆ ಗುರಿಯನ್ನು ಹದಿನೈದು ಗಜ ಎಡಕ್ಕೆ ಸರಿಸುವುದರಲ್ಲಿ ನಾಚಿಕೆ ಏನೂ ಇಲ್ಲ.

ಚೆಂಡು ತನ್ನದೇ ಗುಂಡಿಯಲ್ಲಿ ಹೂತುಕೊಂಡರೆ ದಂಡವಿಲ್ಲದೆ ಎತ್ತಬಹುದು, ಒರೆಸಬಹುದು. ಬಂಕರ್ (ಮರಳಿನ ಗುಂಡಿ), ದಂಡಪ್ರದೇಶಗಳ (ಗೂಟದಿಂದ ಗುರುತಿಸಿದ ನೀರಿನಂಥ ಜಾಗ) ಹೊರಗೆ ರಫ್‌ನಲ್ಲಿಯೂ ಈ ಅನುಕೂಲ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಚೆಂಡಿನ ಹಿಂದಿನ ಬಿಂದುವಿನಿಂದ ಒಂದು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರ ಹೋಗದಂತೆ, ಮೊಣಕಾಲೆತ್ತರದಿಂದ ಬಿಡಿ. ಹೆಗಲೆತ್ತರದಿಂದ ಬಿಡುವ ಕಾಲ 2019ಕ್ಕೇ ಮುಗಿಯಿತು.

ಈಗ ನೀರಿನ ಸಂಗತಿ. ಕಿಲೀನ್ ಯಾರಿಗೂ ಕೈಕಾಲು ಬಿಸಿಯಾಗಲು ಬಿಡುವುದಿಲ್ಲ. ಮೊದಲ ಹೋಲ್‌ನಲ್ಲೇ ಫೇರ್‌ವೇ ಬಲಕ್ಕೆ ತಿರುಗುತ್ತದೆ, ಬಲಗಡೆ ಉದ್ದಕ್ಕೂ ಸರೋವರ. ಸ್ಲೈಸ್ (ಚೆಂಡು ಬಲಕ್ಕೆ ಬಾಗುವ ಹೊಡೆತ) ಹೊಡೆಯುವವರಿಗೆ ಇದಕ್ಕಿಂತ ಕೆಟ್ಟ ಸ್ವಾಗತ ಇಲ್ಲ. ಮೂಲೆ ಕತ್ತರಿಸಿದರೆ ಎರಡನೇ ಹೊಡೆತ ಚಿಕ್ಕದಾಗುತ್ತದೆ ಅನ್ನುವುದು ನಿಜ, ಆದರೆ ಉದ್ದದ ಹೋಲ್ ಅಲ್ಲ ಇದು. ಅತಿ ದೂರ ಹೊಡೆಯುವ ಡ್ರೈವರ್ ಬ್ಯಾಗಿನಲ್ಲೇ ಇರಲಿ. ಐದನೇ ವುಡ್ಡೋ ಹೈಬ್ರಿಡ್ಡೋ ತೆಗೆದು ತಿರುವಿನ ಎಡ ಅರ್ಧಕ್ಕೆ ಹಾಕಿ. ಚೆಂಡು ಕೂರಿಸುವ ಟೀ ಕಡ್ಡಿಯನ್ನು ನೀರಿನ ಕಡೆಯೇ, ಅಂದರೆ ಬಲ ಗುರುತಿನ ಹತ್ತಿರವೇ ಊರಿ. ಅಲ್ಲಿ ನಿಂತರೆ ಹೊಡೆತದ ದಿಕ್ಕು ತಾನಾಗಿ ನೀರಿನಿಂದ ಆಚೆಗೆ ತೆರೆದುಕೊಳ್ಳುತ್ತದೆ. ಹೆದರಿ ಎಡ ಅಂಚಿಗೆ ಹೋಗಿ ನಿಂತರೆ ಫೇರ್‌ವೇಗೆ ಗುರಿಯಿಡಲು ನೀರಿನ ಕಡೆಗೇ ಮುಖ ಮಾಡಬೇಕಾಗುತ್ತದೆ. ಮೂರನೆಯದು ದಡಕ್ಕೇ ಅಂಟಿಕೊಂಡ ಪಾರ್ 3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಧ್ವಜ ನೀರಿನ ಕಡೆ ನೆಟ್ಟಿದ್ದ ದಿನ ಅದನ್ನು ನೋಡಲೇ ಬೇಡಿ, ಗ್ರೀನ್‌ನ ನಡುಮಧ್ಯ ಸಾಕು.

ಮಾಹೊನೀಸ್ ಪಾಯಿಂಟ್ ಇದಕ್ಕೆ ತಿರುವುಮುರುವು. ಅಲ್ಲಿ ಸರೋವರ ಕೊನೆಗೆ ಕಾದು ಕೂತಿರುತ್ತದೆ: 16ನೆಯ ಪಾರ್ 5 ನೀರಿನತ್ತ ಇಳಿದು, 17 ದಡದ ಗುಂಟ ಸಾಗಿ, 18ರಲ್ಲಿ ಪಾರ್ 3. ಪಾರ್ 3ರಿಂದ ಸುತ್ತು ಮುಗಿಸುವ ಕೋರ್ಸ್‌ಗಳೇ ವಿರಳ. ಹಿಂದಿನ ಟೀಯಿಂದ ಸುಮಾರು 200 ಗಜ, ಸರೋವರದ ಒಂದು ಕೊರಕಲಿನ ಮೇಲೆ ಹಾಯಿಸಬೇಕು, ಗ್ರೀನ್‌ನ ಸುತ್ತ ಪೈನ್ ಮರ ಮತ್ತು ರೋಡೊಡೆಂಡ್ರಾನ್ ಪೊದೆ. ಇದೊಂದನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ನೀವು ಮುಂದಿನ ಟೀಯಿಂದ ಆಡುತ್ತಿದ್ದೀರಿ, ರೇಂಜ್‌ಫೈಂಡರ್ 170 ಗಜ ತೋರಿಸುತ್ತಿದೆ, ಎದುರಿನಿಂದ ಗಂಟೆಗೆ 10 ಮೈಲಿ ಗಾಳಿ. ಗಾಳಿಗೆ 17 ಸೇರಿಸಿ: 187. ಎತ್ತರ, ಚಳಿ ಎರಡರಿಂದ ಬೆಂಗಳೂರಿನ ದೂರದಲ್ಲಿ ಶೇಕಡಾ 6 ಕರಗುತ್ತದೆ ಅಂತಿಟ್ಟುಕೊಳ್ಳಿ: 187ನ್ನು 0.94ರಿಂದ ಭಾಗಿಸಿದರೆ 199. ಅಂದರೆ ಊರಿನಲ್ಲಿ 170ಕ್ಕೆ ಐದನೇ ಐರನ್ ಎತ್ತುವವರು ಇಲ್ಲಿ ಊರಿನ 200 ಗಜದ ಕ್ಲಬ್ ಎತ್ತಬೇಕು. ಹೆಚ್ಚಿನವರಿಗೆ ಅದು ಮೂರನೇ ಹೈಬ್ರಿಡ್ ಅಥವಾ ಐದನೇ ವುಡ್. ಮೂರು ಕ್ಲಬ್ ವ್ಯತ್ಯಾಸ! ಕೈ ನಂಬುವುದಿಲ್ಲ. ಐದನೇ ಐರನ್ನೇ ಜೋರಾಗಿ ಹೊಡೆಯೋಣ ಅನ್ನಿಸುತ್ತದೆ. ಜೋರಾಗಿ ಹೊಡೆದಷ್ಟೂ ಸ್ಪಿನ್ ಹೆಚ್ಚಿ, ಎದುರುಗಾಳಿಯಲ್ಲಿ ಚೆಂಡು ಮೇಲಕ್ಕೆದ್ದು, ನೆತ್ತಿಯ ಮೇಲೆ ಒಂದು ಕ್ಷಣ ನಿಂತಂತೆ ಮಾಡಿ, ಕೊರಕಲಿಗೆ ನೇರ ಇಳಿಯುತ್ತದೆ. ದೊಡ್ಡ ಕ್ಲಬ್, ಎರಡು ಅಂಗುಲ ಕೆಳಗೆ ಹಿಡಿತ, ಮುಕ್ಕಾಲು ಸ್ವಿಂಗ್.

ಆ ಟೀಯ ಮೇಲೆ ನಿಂತಾಗ ಗಾಳಿಯೇ ಇಲ್ಲ ಅನ್ನಿಸಬಹುದು. ಮರಗಳ ಮರೆ ಅದು. ಹುಲ್ಲು ಕಿತ್ತು ಗಾಳಿಗೆ ತೂರಿ ನೋಡುವ ಅಭ್ಯಾಸ ಇಲ್ಲಿ ಸುಳ್ಳು ಹೇಳುತ್ತದೆ. ಮರದ ತುದಿ ನೋಡಿ, ಅದಕ್ಕಿಂತ ಮುಖ್ಯವಾಗಿ ನೀರು ನೋಡಿ. ನೀರಿನ ಮೇಲೆ ಕಪ್ಪು ತೇಪೆಗಳು ಸರಿದಾಡುತ್ತಿದ್ದರೆ ಅದು ಗಾಳಿಯ ಸುಳಿ. ಅಲ್ಲಲ್ಲಿ ಬಿಳಿ ನೊರೆ ಕಂಡರೆ ಒಳ್ಳೆಯ ಬಿರುಸು. ತೇಪೆ ದಾಟಿ ಹೋಗುವವರೆಗೆ ಹತ್ತು ಸೆಕೆಂಡು ಕಾದರೆ ಅರ್ಧ ಕ್ಲಬ್ ಉಳಿಯುತ್ತದೆ. ಬೀಸುವುದು ಹೆಚ್ಚಾಗಿ ನೈರುತ್ಯದ ಗಾಳಿಯೇ. ಮಳೆಯನ್ನು ಹೊತ್ತು ತರುವುದೂ ಅದೇ. ಎದುರಿನ ಬೆಟ್ಟದ ಮೇಲ್ಭಾಗ ಮಾಯವಾಯಿತು ಅಂದರೆ ಮಳೆ ಅಂಗಿ ತೊಟ್ಟುಕೊಳ್ಳಿ, ಹನಿ ಬೀಳಲಿ ಅಂತ ಕಾಯಬೇಡಿ.

ಚೆಂಡು ನೀರಿಗೆ ಹೋಯಿತು ಅನ್ನಿ. ಜಗಳ ಶುರುವಾಗುವುದು ಇಲ್ಲಿ. ಕೆಂಪು ಗೂಟ ಇದ್ದರೆ ಒಂದು ಹೊಡೆತದ ದಂಡ, ಚೆಂಡು ಅಂಚನ್ನು ಕೊನೆಗೆ ದಾಟಿದ ಬಿಂದುವಿನಿಂದ ಎರಡು ಕ್ಲಬ್ ಉದ್ದದೊಳಗೆ ಬಿಡಬಹುದು. ಪಟರ್ ಬಿಟ್ಟು ಬ್ಯಾಗಿನ ಅತಿ ಉದ್ದದ ಕ್ಲಬ್ಬೇ ಅಳತೆ. ಗಮನಿಸಿ, ದಾಟಿದ ಬಿಂದು. 'ಪುಳಕ್' ಅಂದ ಜಾಗ ಅಲ್ಲ. ಸ್ಲೈಸ್ ಹೊಡೆತ ಟೀಯಿಂದ 120 ಗಜದಲ್ಲೇ ದಡ ದಾಟಿ 190 ಗಜದಲ್ಲಿ ನೀರಿಗೆ ಬೀಳಬಹುದು. ಹಾಗಾದರೆ ಬಿಡಬೇಕಾದದ್ದು 120ರ ಹತ್ತಿರ. ಆ ಎಪ್ಪತ್ತು ಗಜ ಕದಿಯುವುದು ಗೊತ್ತಿದ್ದೂ ಆಗುತ್ತದೆ, ಗೊತ್ತಿಲ್ಲದೆಯೂ ಆಗುತ್ತದೆ. ಹಳದಿ ಗೂಟವಾದರೆ ಈ ಪಕ್ಕದ ಅನುಕೂಲ ಇಲ್ಲ: ಮತ್ತೆ ಟೀಯಿಂದ ಹೊಡೆಯಿರಿ, ಇಲ್ಲವೇ ದಾಟಿದ ಬಿಂದು ಮತ್ತು ಧ್ವಜ ಒಂದೇ ಗೆರೆಯಲ್ಲಿ ಬರುವಂತೆ ಹಿಂದಕ್ಕೆ ಹೋಗಿ ಬಿಡಿ. ಎರಡಕ್ಕೂ ಒಂದು ದಂಡ.

ಇನ್ನೊಂದು ತಪ್ಪು ಸೌಜನ್ಯದಿಂದ ಆಗುವಂಥದ್ದು. ಎಲ್ಲರ ಕಣ್ಣೆದುರೇ ಚೆಂಡು ನೀರಿಗೆ ಬಿದ್ದಿರುತ್ತದೆ, ಆದರೂ 'ಪ್ರೊವಿಷನಲ್ ಒಂದು ಹೊಡೀತೀನಿ' ಅಂತ, ಅಂದರೆ ಮೊದಲನೆಯದು ಸಿಗದಿದ್ದರೆ ಇರಲಿ ಅಂತ, ಇನ್ನೊಂದು ಹೊಡೆಯುತ್ತಾರೆ. ನೀರಿನಲ್ಲೇ ಇದೆ ಅನ್ನುವುದು ಖಚಿತವಿದ್ದಾಗ ಪ್ರೊವಿಷನಲ್ ಅನ್ನುವುದೇ ಇಲ್ಲ. ಹೊಡೆದ ಎರಡನೇ ಚೆಂಡೇ ಆಟದ ಚೆಂಡಾಗುತ್ತದೆ, ದಂಡವೂ ಸೇರಿ ಅದು ಮೂರನೇ ಹೊಡೆತ. ಚೆಂಡು ಪೊದೆಯಲ್ಲಿ ಹೊಕ್ಕಿದೆಯೋ ನೀರಿಗೆ ಹೋಗಿದೆಯೋ ಅಂತ ಅನುಮಾನ ಇದ್ದಾಗ ಮಾತ್ರ ಪ್ರೊವಿಷನಲ್. ಹುಡುಕಲು ಮೂರೇ ನಿಮಿಷ. ರೋಡೊಡೆಂಡ್ರಾನ್ ಪೊದೆಯಾದರೆ ಅಷ್ಟೂ ಬೇಡ. ಹೂ ಬಿಟ್ಟಾಗ ಚೆಂದವೇ, ಆದರೆ ಅಲ್ಲಿಯ ಕಾಡನ್ನು ನುಂಗುತ್ತಿರುವ ಹೊರಗಿನ ಕಳೆ ಅದು. ನಮ್ಮಲ್ಲಿ ಲಂಟಾನ ಇದ್ದ ಹಾಗೆ. ಒಳಗೆ ಹೋದದ್ದು ವಾಪಸು ಬರುವುದಿಲ್ಲ.

ಗ್ರೀನ್ ಮೇಲೆ ಬೆಂಗಳೂರಿನವರಿಗೆ ಒಂದು ಲಾಭ, ಒಂದು ನಷ್ಟ. ನಮ್ಮ ಬರ್ಮುಡಾ ಹುಲ್ಲಿಗೆ ಎಳೆಯ ದಿಕ್ಕು ಇರುತ್ತದೆ, ಅದರ ಜೊತೆ ಹೊಡೆದರೆ ಓಟ, ಎದುರು ಹೊಡೆದರೆ ತಡೆ. ಇಲ್ಲಿಯ ತಂಪು ಹವೆಯ ಸಣ್ಣೆಳೆ ಹುಲ್ಲಿನಲ್ಲಿ ಆ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಇಳಿಜಾರು ಓದಿದರೆ ಸಾಕು. ನಷ್ಟ ಅಂದರೆ ಆ ಇಳಿಜಾರನ್ನೇ ಕಣ್ಣು ತಪ್ಪಾಗಿ ಓದುತ್ತದೆ. ಹಿಂದೆ ದೊಡ್ಡ ಬೆಟ್ಟ ಎದ್ದು ನಿಂತಿರುವಾಗ ಬೆಟ್ಟದ ಕಡೆಗೆ ಏರಿದ ಗ್ರೀನ್ ಸಮತಟ್ಟಾಗಿ ಕಾಣುತ್ತದೆ, ಸಮತಟ್ಟಾದದ್ದು ಇಳಿದಂತೆ ಕಾಣುತ್ತದೆ. 'ಎಲ್ಲ ಪಟ್ಟೂ ಕೆರೆ ಕಡೆಗೆ ಹೋಗುತ್ತೆ' ಅನ್ನುವ ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ) ಮಾತನ್ನು ಪೂರ್ತಿ ನಂಬಬೇಡಿ, ಪೂರ್ತಿ ಬಿಡಲೂ ಬೇಡಿ. ನೀರು ಹರಿದುಹೋಗಲಿ ಅಂತ ಗ್ರೀನ್‌ಗೆ ತಗ್ಗಿನ ಕಡೆ ಓಟ ಕೊಟ್ಟಿರುತ್ತಾರೆ ಅನ್ನುವಷ್ಟು ನಿಜ ಅದರಲ್ಲಿದೆ. ಅನುಮಾನ ಬಂದರೆ ಕುಳಿಯ ಪಕ್ಕ ನಿಂತು ಪಾದಕ್ಕೆ ಏನನ್ನಿಸುತ್ತದೆ ಗಮನಿಸಿ. ಪಾದಕ್ಕೆ ಬೆಟ್ಟ ಕಾಣುವುದಿಲ್ಲವಲ್ಲ.

ಮೆತ್ತನೆಯ ಗ್ರೀನ್‌ನಲ್ಲಿ ಪ್ರತಿ ಚೆಂಡೂ ಗುಳಿ ಮಾಡುತ್ತದೆ. ನಮ್ಮಲ್ಲಿ ಇದನ್ನು ಕ್ಯಾಡಿ ಸರಿಮಾಡುತ್ತಾರೆ, ಹಾಗಾಗಿ ಎಷ್ಟೋ ಹಳೆಯ ಆಟಗಾರರಿಗೂ ಕೈಗೆ ಬಾರದ ಕೆಲಸ. ಫೋರ್ಕನ್ನು ಗುಳಿಯ ಹೊರ ಅಂಚಿನಲ್ಲಿ ಓರೆಯಾಗಿ ಚುಚ್ಚಿ ಅಂಚಿನ ಹುಲ್ಲನ್ನು ನಡುವಿಗೆ ತಳ್ಳಿ. ನಾಲ್ಕೂ ಕಡೆ ಹೀಗೆ ಮಾಡಿ, ಪಟರ್ ತಳದಿಂದ ಒತ್ತಿ. ಗುಳಿಯ ಮಧ್ಯಕ್ಕೆ ಚುಚ್ಚಿ ಮೇಲಕ್ಕೆ ಮೀಟಿದರೆ ಬೇರು ಕಿತ್ತುಬಂದು ಅಲ್ಲಿ ವಾರಗಟ್ಟಲೆ ಕಂದು ಕಲೆ ನಿಲ್ಲುತ್ತದೆ.

ಕ್ಯಾಡಿ ವಿಷಯ ಬಂತು. ಐರ್ಲೆಂಡ್‌ನಲ್ಲಿ ಬ್ಯಾಗನ್ನು ತಾವೇ ಹೊರುವುದು ಇಲ್ಲವೇ ಟ್ರಾಲಿಯಲ್ಲಿ ತಳ್ಳುವುದು ವಾಡಿಕೆ. ಕ್ಯಾಡಿ ಬೇಕಿದ್ದರೆ ಟೀ ಸಮಯದ ಜೊತೆಗೇ ಮೊದಲೇ ಹೇಳಿಡಬೇಕು. 'ಬಗ್ಗಿ' ಅಂದರೆ ಅಲ್ಲಿ ಮೋಟಾರು ಗಾಡಿ. ಮಳೆ ಜಾಸ್ತಿಯಾದ ದಿನ ನೆಲ ಹಾಳಾಗುತ್ತದೆ ಅಂತ ಹೊರಗೆ ಬಿಡದೆಯೂ ಇರಬಹುದು. ಆದ್ದರಿಂದ ಬ್ಯಾಗ್ ಹಗುರವಾಗಿರಲಿ. ಒದ್ದೆಯಾದಷ್ಟೂ ಹಿಡಿತ ಬಿಗಿಯಾಗುವ ಮಳೆ ಕೈಗವಸು ಒಂದು ಜೊತೆ ತನ್ನಿ, ಚರ್ಮದ್ದು ಒದ್ದೆಯಾದರೆ ಕೆಲಸಕ್ಕೆ ಬಾರದು. ಎರಡು ಟವೆಲ್ ಇರಲಿ, ಒಂದನ್ನು ಮಡಚದ ಕೊಡೆಯ ಒಳಕಡ್ಡಿಗೆ ಸಿಕ್ಕಿಸಿ ಒಣಗಿಯೇ ಇಟ್ಟುಕೊಳ್ಳಿ. ಗಾಳಿ ಎದ್ದಾಗ ಕೊಡೆಗೆ ಇದಕ್ಕಿಂತ ಬೇರೆ ಉಪಯೋಗ ಇರುವುದಿಲ್ಲ.

ಹ್ಯಾಂಡಿಕ್ಯಾಪ್ ಇಂಡೆಕ್ಸ್‌ನ (ಆಟದ ಮಟ್ಟ ತೋರಿಸುವ ಅಂಕಿ) ಪ್ರತಿ ಜೊತೆಗಿಟ್ಟುಕೊಳ್ಳಿ, ಕೇಳುವ ಸಾಧ್ಯತೆ ಇದೆ. 2020ರಿಂದ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಿಂದ ಊರಿನ ಇಂಡೆಕ್ಸ್ ಅಲ್ಲೂ ನಡೆಯುತ್ತದೆ, ಆದರೆ ಆ ಕೋರ್ಸ್‌ಗೆ, ಆ ಟೀಗೆ ಹೊಂದಿಸಿಕೊಳ್ಳಬೇಕು: ಇಂಡೆಕ್ಸನ್ನು ಸ್ಲೋಪ್‌ನಿಂದ (ಸಾಮಾನ್ಯ ಆಟಗಾರರಿಗೆ ಕೋರ್ಸ್ ಎಷ್ಟು ಕಷ್ಟ ಅನ್ನುವ ಅಂಕಿ) ಗುಣಿಸಿ 113ರಿಂದ ಭಾಗಿಸಿ, ಕೋರ್ಸ್ ರೇಟಿಂಗ್‌ನಿಂದ (ಪಳಗಿದ ಆಟಗಾರರಿಗೆ ಬೇಕಾಗುವ ಹೊಡೆತ) ಪಾರ್ ಕಳೆದದ್ದನ್ನು ಸೇರಿಸಿ. ಉದಾಹರಣೆಗೆ ಇಂಡೆಕ್ಸ್ 18, ಸ್ಲೋಪ್ 128, ರೇಟಿಂಗ್ 71, ಪಾರ್ 72 ಆದರೆ 20.4ರಲ್ಲಿ 1 ಕಳೆದು 19 ಹೊಡೆತದ ರಿಯಾಯಿತಿ. ಜೊತೆಗೆ ಸಿಗುವ ಸ್ಥಳೀಯರು ಪ್ರತಿ ಹೋಲ್‌ಗೆ ಅಂಕ ಕೊಡುವ ಸ್ಟೇಬಲ್‌ಫರ್ಡ್ ಆಡೋಣ ಅಂದರೆ ಒಪ್ಪಿಕೊಳ್ಳಿ. ನೀರಿರುವ ಕೋರ್ಸ್‌ಗೆ ಹೇಳಿ ಮಾಡಿಸಿದ ಪದ್ಧತಿ ಅದು: ಒಂದು ಹೋಲ್‌ನಲ್ಲಿ ಮೂರು ಚೆಂಡು ಮುಳುಗಿಸಿದರೂ ಆ ಹೋಲ್‌ಗೆ ಸೊನ್ನೆ, ಅಷ್ಟೇ. ಚೆಂಡು ಜೇಬಿಗೆ ಹಾಕಿ ಮುಂದೆ ನಡೆಯಬಹುದು, ಹಿಂದಿನವರೂ ಬೈಯುವುದಿಲ್ಲ.

ಕಾಲದ ಮಾತು ಹೇಳುವುದಾದರೆ ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಸಂಜೆ ಐದಕ್ಕೆ ಶುರು ಮಾಡಿದರೂ ಹದಿನೆಂಟು ಮುಗಿಸಬಹುದು, ಮತ್ತು ಗಾಳಿ ಇಳಿಯುವುದೂ ಹೆಚ್ಚಾಗಿ ಆ ಹೊತ್ತಿಗೇ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು, ಹೋಗುವುದೇ ಬೇಡ. ಬೇಸಿಗೆಯ ಸಂಜೆ ಗಾಳಿ ಪೂರ್ತಿ ನಿಂತರೆ ಮಾತ್ರ ಇನ್ನೊಂದು ಕಾಟ: ಮಿಡ್ಜ್ ಅನ್ನುವ ಸಣ್ಣ ನೊಣದಂಥ ಹುಳು, ಪಟ್ ಮಾಡಲು ಬಗ್ಗಿದವರ ಕಿವಿ ಕತ್ತು ಹುಡುಕಿಕೊಂಡು ಬರುತ್ತದೆ. ನೀರಿನ ಹತ್ತಿರ, ಮರದ ನೆರಳಲ್ಲಿ ಜಾಸ್ತಿ. ಕೀಟದ ಸ್ಪ್ರೇ ಬ್ಯಾಗಿನಲ್ಲಿರಲಿ, ಆದರೆ ಡೀಟ್ ಅನ್ನುವ ರಾಸಾಯನಿಕ ಇರುವುದಾದರೆ ಹಚ್ಚಿಕೊಂಡ ಮೇಲೆ ಅಂಗೈ ಚೆನ್ನಾಗಿ ಒರೆಸಿಕೊಂಡೇ ರೇಂಜ್‌ಫೈಂಡರ್ ಮುಟ್ಟಿ. ಅದು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ.